ಕೊಬ್ಬಿನ ನೆಟ್ಟಿ

‘ನಮ್ಮಕ್ಕನಿಗೆ ಹೊಟ್ಟೆಯ ಕೊಬ್ಬು ತೆಗೆದು ಎದೆಗೆ ಹಾಕ್ತೀವಿ ಅಂದಿದ್ದಾರೆ ಡಾಕ್ಟ್ರು. ಅವತ್ತಿಂದ ಅಮ್ಮ ಎರಡು ಹೊತ್ತೂ ಅಕ್ಕನ ತಟ್ಟೆಗೆ ತುಪ್ಪ ಸುರೀತಿದ್ದಾರೆ, ಸ್ಟಾಕ್ ಸಾಲದೇ ಹೋದರೆ ಅಂತ. ಇದು ಸರಿನಾ ಸರ್?’

ದಾವಣಗೆರೆ ಕಡೆಯ ಓದುಗರೊಬ್ಬರ ಪತ್ರ ಇದು. ಅಕ್ಕನಿಗೆ ಸ್ತನ ಕ್ಯಾನ್ಸರ್ ಆಗಿತ್ತು. ಎಡಗಡೆಯದನ್ನು ತೆಗೆದರು, ಕೀಮೊ ಆಯಿತು, ‘ಕರೆಂಟೂ’ ಆಯಿತು (ರೇಡಿಯೇಷನ್ನಿಗೆ ನಮ್ಮ ಜನ ಇಟ್ಟ ಹೆಸರು, ನನಗೆ ಬಹಳ ಇಷ್ಟ). ಆಮೇಲೆ ಬೆನ್ನಿನ ಸ್ನಾಯುವನ್ನು ಮುಂದಕ್ಕೆ ತಿರುಗಿಸಿ ಹೊಸ ಸ್ತನ ಕಟ್ಟಿದ್ದಾರೆ. ಎಲ್ಲ ಚೆನ್ನಾಗಿದೆ, ಆದರೆ ಕತ್ತಿನ ಎಲುಬಿನ ಕೆಳಗೆ ಅಂಗೈ ಅಗಲದ ಒಂದು ತಗ್ಗು ಉಳಿದಿದೆ. ಯಾವ ಬ್ಲೌಸ್ ಹೊಲಿಸಿದರೂ ಅಲ್ಲಿ ಬಟ್ಟೆ ಸುಕ್ಕುಗಟ್ಟುತ್ತದೆ. ಆ ತಗ್ಗಿಗೇ ಈಗ ಹೊಟ್ಟೆಯ ಕೊಬ್ಬು.

ತುಪ್ಪ ಬೇಡ ಅಂತ ಅಮ್ಮನಿಗೆ ಹೇಳಿ. ಕಾರಣ ಹೇಳುವುದಕ್ಕೆ ಈ ಅಂಕಣ.

ಕನ್ನಡದಲ್ಲಿ ಕೊಬ್ಬಿಗೆ ಮರ್ಯಾದೆಯೇ ಇಲ್ಲ. ಎದುರು ಮಾತಾಡಿದ ಹುಡುಗನಿಗೆ ‘ಕೊಬ್ಬು ಜಾಸ್ತಿ ಆಗಿದೆ’ ಅನ್ನುತ್ತೇವೆ, ಸೊಕ್ಕಿಗೂ ಅದೇ ಮಾತು. ಬೆಣ್ಣೆ, ಡಾಲ್ಡಾ ಇದ್ದ ಹಾಗೆ ಅದೂ ಮೈಯೊಳಗೆ ಮೆತ್ತಿಕೊಂಡ ನಿರ್ಜೀವ ಜಿಡ್ಡು ಎಂದೇ ನಮ್ಮ ಎಣಿಕೆ. ಅಲ್ಲ. ಅದು ಜೀವಕೋಶಗಳ ಗೂಡು. ಒಂದೊಂದು ಕೋಶವೂ ಒಂದು ಹನಿ ಎಣ್ಣೆಯನ್ನು ಹೊಟ್ಟೆಯಲ್ಲಿಟ್ಟುಕೊಂಡು, ತನ್ನ ಬೀಜಕೇಂದ್ರವನ್ನು ಗೋಡೆಗೆ ಒತ್ತರಿಸಿ, ಉಸಿರಾಡುತ್ತಾ ಬದುಕಿರುತ್ತದೆ. ಎಷ್ಟು ಕಾಲ? ಇದನ್ನು ಪತ್ತೆ ಮಾಡಿದ ರೀತಿ ಸೊಗಸಾಗಿದೆ. 1963ರವರೆಗೆ ಅಮೆರಿಕ, ರಷ್ಯಾಗಳು ಬಯಲಲ್ಲೇ ಅಣುಬಾಂಬ್ ಸಿಡಿಸುತ್ತಿದ್ದವಲ್ಲ, ಆಗ ಗಾಳಿಯಲ್ಲಿ ಕಾರ್ಬನ್-14 ವಿಪರೀತ ಏರಿ, ನಿಷೇಧದ ಒಪ್ಪಂದವಾದ ಮೇಲೆ ವರ್ಷವರ್ಷವೂ ಇಳಿಯುತ್ತಾ ಬಂತು. ಕೋಶ ಹುಟ್ಟಿದ ವರ್ಷದ ಗಾಳಿಯ ಗುರುತು ಅದರ ಡಿಎನ್‌ಎಯಲ್ಲಿ ಉಳಿದುಬಿಡುತ್ತದೆ. ಸ್ವೀಡನ್ನಿನ ಕ್ಯಾರೊಲಿನ್‌ಸ್ಕಾ ಸಂಸ್ಥೆಯ ಕರ್ಸ್ಟಿ ಸ್ಪಾಲ್ಡಿಂಗ್ ಮತ್ತು ಸಂಗಡಿಗರು ಅದನ್ನು ಓದಿ 2008ರಲ್ಲಿ ಲೆಕ್ಕ ಕೊಟ್ಟರು: ದೊಡ್ಡವರ ಮೈಯಲ್ಲಿ ಕೊಬ್ಬಿನ ಕೋಶಗಳ ಸಂಖ್ಯೆ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ, ವರ್ಷಕ್ಕೆ ನೂರರಲ್ಲಿ ಹತ್ತು ಸತ್ತು ಹತ್ತು ಹುಟ್ಟುತ್ತವೆ. ನಾವು ದಪ್ಪಗಾದಾಗ ಮುಖ್ಯವಾಗಿ ಇದ್ದ ಕೋಶಗಳೇ ಉಬ್ಬುತ್ತವೆ.

ಅಂದರೆ ಅಮ್ಮ ಸುರಿಯುವ ತುಪ್ಪದಿಂದ ಅಕ್ಕನ ಹೊಟ್ಟೆಯಲ್ಲಿ ಸಸಿಗಳೇನೂ ಹೆಚ್ಚಾಗುವುದಿಲ್ಲ. ಇರುವ ಸಸಿಗಳು ಎಣ್ಣೆ ಕುಡಿದು ಊದಿಕೊಳ್ಳುತ್ತವೆ. ಊದಿದ ಕೋಶ ನೀರಗುಳ್ಳೆ ಇದ್ದ ಹಾಗೆ, ಎತ್ತಿಡುವಾಗ ಒಡೆಯುವ ಭಯವೇ ಜಾಸ್ತಿ.

ಸಸಿ ಅಂದೆ. ಬಾಯಿತಪ್ಪಿ ಬಂದ ಮಾತಲ್ಲ.

ಈ ಚಿಕಿತ್ಸೆಗೆ ಇಂಗ್ಲಿಷಿನಲ್ಲಿ ಫ್ಯಾಟ್ ಗ್ರಾಫ್ಟಿಂಗ್ ಅನ್ನುತ್ತಾರೆ. ಕನ್ನಡದ ಪತ್ರಿಕೆಗಳು ಅದನ್ನು ‘ಕೊಬ್ಬಿನ ಕಸಿ’ ಮಾಡಿವೆ. ನನಗೆ ಒಪ್ಪಿಗೆಯಿಲ್ಲ. ಕಸಿಯೆಂದರೆ ಮಾವಿನ ಕೊಂಬೆ ಕೂರಿಸಿದಂತೆ: ಒಂದು ಬುಡ, ಒಂದು ಕೊಂಬೆ, ಒಂದು ಕಟ್ಟು. ಇಲ್ಲಿ ನಡೆಯುವುದು ಬೇರೆಯೇ. ಇದು ಭತ್ತದ ನಾಟಿ. ನಮ್ಮ ತೀರ್ಥಹಳ್ಳಿ ಕಡೆಯ ಮಾತಿನಲ್ಲಿ ನೆಟ್ಟಿ.

ಏಳೆಂಟು ವರ್ಷದವನಿದ್ದಾಗ ಅಜ್ಜಿಯ ಜೊತೆ ಗದ್ದೆಗಿಳಿದು, ಬೇಗ ಮುಗಿಸಿ ದೊಡ್ಡಸ್ತಿಕೆ ತೋರಿಸೋಣವೆಂದು ಒಂದು ಹಿಡಿ ಸಸಿಯನ್ನು ಒಟ್ಟಿಗೇ ಕೆಸರಿಗೆ ತುರುಕಿದ್ದೆ. ಅಜ್ಜಿ ಬೆನ್ನಿಗೊಂದು ಬಿಟ್ಟಳು. ‘ಸುತ್ತಲಿನವು ಬದುಕ್ತಾವೆ, ನಡುವಿನವು ಕೊಳೀತಾವೆ ಕಣೋ. ಎರಡೆರಡೇ ಇಡು, ದೂರ ದೂರ ಇಡು.’ ಫ್ಯಾಟ್ ಗ್ರಾಫ್ಟಿಂಗಿನ ನೂರಮೂವತ್ತು ವರ್ಷದ ಇತಿಹಾಸ ಈ ಬೈಗುಳದಲ್ಲೇ ಇದೆ.

1893ರಲ್ಲಿ ಜರ್ಮನಿಯ ಗುಸ್ತಾವ್ ನಾಯ್ಬರ್ ತೋಳಿನ ಕೊಬ್ಬನ್ನು ಮುಖದ ಗುಳಿಬಿದ್ದ ಕಲೆಯೊಳಗೆ ಇಟ್ಟ. ಚಿಕ್ಕ ತುಂಡು ಉಳಿಯುತ್ತದೆ, ದೊಡ್ಡದು ಉಳಿಯುವುದಿಲ್ಲ ಎಂದು ಆಗಲೇ ಹೇಳಿದ್ದ. ಎರಡೇ ವರ್ಷಕ್ಕೆ ಹೈಡೆಲ್‌ಬರ್ಗಿನ ವಿನ್ಸೆಂಟ್ಸ್ ಚೆರ್ನಿ ಮಹಿಳೆಯೊಬ್ಬರ ಸ್ತನದ ಗಂಟು ತೆಗೆದು, ಅವರದೇ ಸೊಂಟದ ಬಳಿಯಿದ್ದ ಕೊಬ್ಬಿನ ಗಡ್ಡೆಯನ್ನು ಇಡಿಯಾಗಿ ಆ ಜಾಗಕ್ಕೆ ಕೂರಿಸಿದ. ಸ್ತನ ಪುನರ್‌ನಿರ್ಮಾಣದ ಕಥೆ ಇಲ್ಲಿಂದಲೇ ಶುರು ಎಂದು ಬಹಳ ಜನ ಬರೆಯುತ್ತಾರೆ. 1950ರಲ್ಲಿ ಅಮೆರಿಕದ ಲಿಂಡನ್ ಪಿಯರ್ ತೂಗಿ ನೋಡಿ, ಇಟ್ಟ ಕೊಬ್ಬಿನಲ್ಲಿ ವರ್ಷದೊಳಗೆ ಸುಮಾರು ಅರ್ಧ ಕರಗಿಹೋಗುತ್ತದೆ ಎಂದ. ಯಾಕೆ ಅರ್ಧ? ನಡುವಿನವು ಕೊಳೆತವು, ಅಷ್ಟೇ.

ಕಾರಣ ಸರಳ. ಕಿತ್ತ ಕೊಬ್ಬಿಗೆ ರಕ್ತನಾಳದ ನಂಟು ಕಡಿದಿರುತ್ತದೆ. ಹೊಸ ನಾಳ ಬಂದು ಸೇರುವ ತನಕ ಸುತ್ತಲಿನ ಒದ್ದೆಯಿಂದ ಇಂಗಿಬಂದ ಆಮ್ಲಜನಕದಲ್ಲೇ ಅದು ಜೀವ ಹಿಡಿದಿರಬೇಕು. ಇಂಗುವುದು ಎಷ್ಟು ಆಳಕ್ಕೆ? ಮಿಲಿಮೀಟರಿನ ಲೆಕ್ಕ. ಸುಮಾರು ಮೂರು ಮಿಲಿಮೀಟರಿಗಿಂತ ದಪ್ಪಗೆ ಇಟ್ಟರೆ ನಡುವಿನ ಭಾಗ ಉಸಿರುಗಟ್ಟಿ ಸಾಯುತ್ತದೆ. ಬೆನ್ನಿನ ಸ್ನಾಯುವಿಗೆ ಈ ತಾಪತ್ರಯ ಇರಲಿಲ್ಲ, ಅದು ತನ್ನ ರಕ್ತನಾಳದ ತೊಟ್ಟನ್ನು ಕಡಿಸಿಕೊಳ್ಳದೆ ಬಂದಿತ್ತು. ತೊಟ್ಟಿನ ಈ ಉಪಾಯ ನಮ್ಮ ನೆಲದ್ದೇ. ಟಿಪ್ಪುವಿನ ಕಡೆಯವರಿಗೆ ಸೆರೆಸಿಕ್ಕು ಮೂಗು ಕಳೆದುಕೊಂಡ ಕಾವಸ್‌ಜಿ ಎಂಬ ಎತ್ತಿನ ಬಂಡಿಯವನಿಗೆ, ಪುಣೆಯ ಬಳಿ ಇಟ್ಟಿಗೆ ಮಾಡುವ ಜಾತಿಯವನೊಬ್ಬ ಹಣೆಯ ಚರ್ಮವನ್ನು ತೊಟ್ಟು ಸಮೇತ ಇಳಿಸಿ ಮೂಗು ಕಟ್ಟಿಕೊಟ್ಟಿದ್ದ. ಸುದ್ದಿ 1794ರಲ್ಲಿ ಲಂಡನ್ನಿನ ಪತ್ರಿಕೆಯಲ್ಲಿ ಬಂದು ಯುರೋಪಿನ ವೈದ್ಯರು ಬೆರಗಾದರು. ತೊಟ್ಟಿದ್ದರೆ ಗಿಡ ಬದುಕುತ್ತದೆ. ತೊಟ್ಟಿಲ್ಲದ್ದನ್ನು ನೆಡಲೇಬೇಕು.

ನೆಡುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಸರ್ಜನ್ ಗೆಳತಿಯೊಬ್ಬಳು ರೋಗಿಯ ಒಪ್ಪಿಗೆ ಪಡೆದು ಒಮ್ಮೆ ಆಪರೇಷನ್ ಥಿಯೇಟರಿನ ಮೂಲೆಯಲ್ಲಿ ನನ್ನನ್ನು ನಿಲ್ಲಿಸಿದ್ದಳು. ಮೊದಲು ಹೊಟ್ಟೆಗೆ ಉಪ್ಪುನೀರು, ಅದರಲ್ಲಿ ನೋವು ಮರೆಸುವ ಮತ್ತು ರಕ್ತ ಸುರಿಯದಂತೆ ನಾಳ ಕುಗ್ಗಿಸುವ ಔಷಧ. ಆಮೇಲೆ ಮೊಂಡುತುದಿಯ ಕೊಳವೆಯಿಂದ ಹೀರುವುದು. ಹೀರಿದ್ದನ್ನು ನಿಲ್ಲಿಸಿಟ್ಟರೆ ಮೂರು ಪದರ: ತಳದಲ್ಲಿ ಕೆಂಪು ನೀರು, ಮೇಲೆ ಒಡೆದ ಕೋಶಗಳ ತಿಳಿಹಳದಿ ಎಣ್ಣೆ, ನಡುವೆ ಹರಳುಗಟ್ಟಿದ ತುಪ್ಪದ ಬಣ್ಣದ ಜೀವಂತ ಕೊಬ್ಬು. ನೀರು ಬಸಿದು, ಎಣ್ಣೆಯನ್ನು ಬಟ್ಟೆಯಿಂದ ಹೀರಿಸಿ ತೆಗೆದರು. ಉಳಿದದ್ದೇ ಅಗೆ, ಅಂದರೆ ನೆಡುವ ಸಸಿ.

ಇನ್ನು ನೆಟ್ಟಿ. ಚರ್ಮದಲ್ಲಿ ಸೂಜಿ ಚುಚ್ಚಿದಷ್ಟು ತೂತು. ಅದರೊಳಗೆ ಉದ್ದನೆಯ ಸಣ್ಣ ಕೊಳವೆಯನ್ನು ತಳ್ಳುತ್ತಾಳೆ. ತಳ್ಳುವಾಗ ಏನೂ ಬಿಡುವುದಿಲ್ಲ. ಹಿಂದಕ್ಕೆ ಎಳೆದುಕೊಳ್ಳುವಾಗ ಮಾತ್ರ ಹೆಬ್ಬೆರಳು ಸಿರಿಂಜನ್ನು ಒತ್ತುತ್ತದೆ, ಕೊಳವೆಯ ಹಿಂದೆ ಸಣ್ಣ ಶಾವಿಗೆ ಎಳೆಯಷ್ಟು ಕೊಬ್ಬು ಮಲಗುತ್ತದೆ. ಮತ್ತೆ ಬೇರೆ ದಿಕ್ಕಿಗೆ, ಬೇರೆ ಆಳಕ್ಕೆ. ಮುಂದೆ ತಳ್ಳುತ್ತಾ ಬಿಟ್ಟರೆ ತುದಿ ರಕ್ತನಾಳಕ್ಕೆ ಹೊಕ್ಕು ಕೊಬ್ಬು ಶ್ವಾಸಕೋಶಕ್ಕೆ ಹೋಗಿಬಿಡಬಹುದು, ಅದಕ್ಕೇ ಈ ಶಿಸ್ತು ಎಂದು ಆಮೇಲೆ ವಿವರಿಸಿದಳು. ನನ್ನ ಕಣ್ಣಿಗೆ ಕಂಡದ್ದು ಬೇರೆ. ಭತ್ತ ನೆಡುವ ಹೆಂಗಸರು ಮುಂದೆ ನಡೆಯುವುದನ್ನು ಯಾರಾದರೂ ನೋಡಿದ್ದೀರಾ? ಅವರು ನೆಡುತ್ತಾ ನೆಡುತ್ತಾ ಹಿಂದೆ ಹಿಂದೆಯೇ ಸರಿಯುತ್ತಾರೆ.

ಒಂದು ಎಳೆತಕ್ಕೆ ಅರ್ಧ ಮಿಲಿಲೀಟರ್ ಎಂದುಕೊಂಡರೂ 150 ಮಿಲಿಲೀಟರ್ ನೆಡಲು ಮುನ್ನೂರು ಎಳೆತ ಬೇಕು. ಒಂದೂವರೆ ಗಂಟೆ ಅವಳು ತಲೆಯೆತ್ತಲಿಲ್ಲ. ಇನ್ನೂ ಜಾಗವಿದೆಯಲ್ಲ, ತುಂಬಬಾರದೇ ಎಂದು ಕೇಳಿದೆ. ‘ಬಿಗಿಯಾದರೆ ಒಳಗಿನ ರಕ್ತನಾಳ ಅಮುಕಿಕೊಂಡು ನೆಟ್ಟದ್ದೂ ಹೋಗುತ್ತೆ. ಉಳಿದದ್ದು ಮುಂದಿನ ಸಲಕ್ಕೆ’ ಎಂದಳು. ಪೇಟೆಯಲ್ಲಿ ಹುಟ್ಟಿ ಬೆಳೆದವಳು, ಗದ್ದೆಗೆ ಕಾಲಿಟ್ಟವಳೇ ಅಲ್ಲ!

ಹೊಲಿಗೆ ಹಾಕಿದ ಮೇಲಿನ ವಾರವೇ ನನಗೆ ಅತ್ಯಂತ ರೋಚಕ. ನೆಟ್ಟ ಸಸಿ ನಾಲ್ಕು ದಿನ ಬಾಡಿ, ಹಳದಿಯಾಗಿ, ಆಮೇಲೆ ಬೇರು ಹಿಡಿದು ಹಸಿರಾಗುತ್ತದಲ್ಲ, ಇಲ್ಲೂ ಹಾಗೆಯೇ ಎಂದು ಬಹುಕಾಲ ನಂಬಿದ್ದರು. ಟೋಕಿಯೊದ ಕೊತಾರೊ ಯೋಶಿಮುರಾ ತಂಡ ಇಲಿಗಳಲ್ಲಿ ನೆಟ್ಟು ಬೇರೆ ಬೇರೆ ದಿನ ತೆಗೆದು ನೋಡಿತು. ಮೊದಲ ದಿನವೇ ಕೊಬ್ಬಿನ ಕೋಶಗಳು ಸಾಯತೊಡಗಿದ್ದವು. ಅಂಚಿನ ಸುಮಾರು 0.3 ಮಿಲಿಮೀಟರಿನೊಳಗಿನವಕ್ಕಷ್ಟೇ ಬದುಕುವ ಅದೃಷ್ಟ. ಆದರೆ ಕೊಬ್ಬಿನ ನಡುವೆ ಅಡಗಿರುವ ಆಕರಕೋಶಗಳು, ಅಂದರೆ ಸ್ಟೆಮ್ ಸೆಲ್‌ಗಳು, ಗಟ್ಟಿ ಪಿಂಡಗಳು. ಉಸಿರಿಲ್ಲದೆ ಮೂರು ದಿನದವರೆಗೂ ತಾಳಿಕೊಂಡು, ಎಚ್ಚೆತ್ತು, ಸತ್ತವರ ಜಾಗದಲ್ಲಿ ಹೊಸ ಕೊಬ್ಬಿನ ಕೋಶಗಳನ್ನು ಹುಟ್ಟಿಸುತ್ತವೆ. ತೀರಾ ನಡುವೆ ಅವೂ ಸಾಯುತ್ತವೆ. ಅಂದರೆ ಅಕ್ಕನ ಎದೆಯಲ್ಲಿ ಕೊನೆಗೆ ಉಳಿಯುವ ಕೊಬ್ಬಿನಲ್ಲಿ ಒಂದು ಪಾಲು ಹೊಟ್ಟೆಯಿಂದ ಬಂದದ್ದಲ್ಲ, ಬಂದ ಬೀಜದಿಂದ ಅಲ್ಲೇ ಮೊಳೆತದ್ದು.

ಈ ಮರುಹುಟ್ಟು ಮುಗಿಯಲು ಮೂರು ತಿಂಗಳಾದರೂ ಬೇಕು. ಮೊದಲ ವಾರದ ಉಬ್ಬು ಬರೀ ಬಾವು. ‘ಆಹಾ, ಸರಿಹೋಯಿತು’ ಎಂದು ಹಿಗ್ಗಿದವರು ಎರಡನೇ ತಿಂಗಳಲ್ಲಿ ‘ಅಯ್ಯೋ, ಇಳಿದುಹೋಯಿತು’ ಎಂದು ಫೋನ್ ಮಾಡುತ್ತಾರಂತೆ. ಅರ್ಧ ಉಳಿದರೂ ಒಳ್ಳೆಯ ಬೆಳೆಯೇ. ಸಸಿ ಸತ್ತ ಕಡೆ ಮತ್ತೆ ಸಸಿ ಇಡುವುದಿಲ್ಲವೇ ರೈತ? ಹಾಗೆಯೇ ಮೂರರಿಂದ ಆರು ತಿಂಗಳು ಬಿಟ್ಟು ಎರಡನೇ ಸಲ, ಬೇಕಾದರೆ ಮೂರನೇ ಸಲ. ಜೊತೆಯಲ್ಲೇ ಚಿಲ್ಲರೆ ರಿಪೇರಿಗಳೂ ಆಗುತ್ತವೆ: ಹೊಲಿಗೆಯ ತುದಿಯಲ್ಲಿ ಎದ್ದುನಿಂತ ಚರ್ಮವನ್ನು (ಸರ್ಜನ್‌ಗಳು ಅದನ್ನು ನಾಯಿಕಿವಿ ಅನ್ನುತ್ತಾರೆ) ಕತ್ತರಿಸುವುದು, ಇನ್ನೊಂದು ಸ್ತನವನ್ನು ಇದಕ್ಕೆ ಹೊಂದಿಸುವುದು, ಅಲ್ಲಿನ ಚರ್ಮವನ್ನೇ ಮಡಿಸಿ ಮೊಲೆತೊಟ್ಟು ಮಾಡಿ ಹಚ್ಚೆಯಿಂದ ಬಣ್ಣ ಕೊಡುವುದು. ಮೊದಲ ಆಪರೇಷನ್ ಕೆಟ್ಟಿತೆಂದು ಇದೆಲ್ಲ ಮಾಡುವುದಲ್ಲ. ಒಂದೇ ಉಳುಮೆಗೆ ಗದ್ದೆ ಹದವಾಗುತ್ತದೆಯೇ?

ಓದುಗರ ಎರಡನೇ ಪ್ರಶ್ನೆ ಗಂಭೀರ: ಇದರಿಂದ ಕ್ಯಾನ್ಸರ್ ಮರಳುತ್ತದೆಯೇ? ಈ ಭಯ ಹಳೆಯದು. ಸತ್ತ ಕೊಬ್ಬು ಎಣ್ಣೆಯ ಗುಳ್ಳೆಯಾಗಿ, ಸುತ್ತ ಸುಣ್ಣ ಕಟ್ಟಿದರೆ ಮ್ಯಾಮೊಗ್ರಾಂನಲ್ಲಿ ಚುಕ್ಕೆ ಕಾಣುತ್ತದೆ, ಕ್ಯಾನ್ಸರಿನ ಚುಕ್ಕೆಯೊಂದಿಗೆ ಗೊಂದಲವಾಗುತ್ತದೆ ಎಂದು 1987ರಲ್ಲಿ ಅಮೆರಿಕದ ಪ್ಲಾಸ್ಟಿಕ್ ಸರ್ಜನ್‌ಗಳ ಸಂಘ ಸ್ತನಕ್ಕೆ ಕೊಬ್ಬು ಹಾಕುವುದನ್ನೇ ಖಂಡಿಸಿಬಿಟ್ಟಿತು. ಅದೇ ಸುಣ್ಣ ಸ್ತನ ಚಿಕ್ಕದು ಮಾಡುವ ಆಪರೇಷನ್ನಿನಲ್ಲೂ ಕಟ್ಟುತ್ತದೆ, ಅದನ್ನು ಮಾತ್ರ ಯಾರೂ ನಿಲ್ಲಿಸಲಿಲ್ಲ! ನ್ಯೂಯಾರ್ಕಿನ ಸಿಡ್ನಿ ಕೋಲ್‌ಮನ್ ಸಣ್ಣ ಸಣ್ಣ ಎಳೆಯಾಗಿ ನೆಡುವ ವಿಧಾನವನ್ನು ರೂಢಿಗೆ ತಂದು 2007ರಲ್ಲಿ ತನ್ನ ರೋಗಿಗಳ ವಿವರ ಪ್ರಕಟಿಸಿದ, 2009ರಲ್ಲಿ ಸಂಘವೂ ತನ್ನ ನಿಲುವು ಸಡಿಲಿಸಿತು. ಇನ್ನೊಂದು ಅನುಮಾನ ಆಕರಕೋಶಗಳ ಮೇಲೆ. ಗಾಜಿನ ತಟ್ಟೆಯಲ್ಲಿ ಅವು ಕ್ಯಾನ್ಸರ್ ಕೋಶಗಳಿಗೆ ಒತ್ತಾಸೆ ಕೊಡುವುದನ್ನು ಕಂಡಿದ್ದಾರೆ. ಆದರೆ ಟೆಕ್ಸಾಸಿನ ಎಂ.ಡಿ. ಆಂಡರ್ಸನ್ ಕ್ಯಾನ್ಸರ್ ಕೇಂದ್ರದವರು ಕೊಬ್ಬು ಹಾಕಿಸಿಕೊಂಡವರನ್ನೂ ಹಾಕಿಸಿಕೊಳ್ಳದವರನ್ನೂ ಹೋಲಿಸಿ 2016ರಲ್ಲಿ ಕೊಟ್ಟ ವರದಿಯಲ್ಲಿ ಕ್ಯಾನ್ಸರ್ ಮರಳುವುದು ಹೆಚ್ಚಿರಲಿಲ್ಲ. ಹಾಗೆಂದು, ಮುಂದೆ ಗಂಟು ಕೈಗೆ ಸಿಕ್ಕರೆ ‘ಕೊಬ್ಬಿನದ್ದೇ ಇರಬೇಕು’ ಎಂದು ಸುಮ್ಮನಿರುವ ಹಾಗಿಲ್ಲ. ತೋರಿಸಲೇಬೇಕು.

ಅಕ್ಕನಿಗೆ ‘ಕರೆಂಟ್’ ಆಗಿದೆಯಾದ್ದರಿಂದ ಒಂದು ಸಂತೋಷದ ಸುದ್ದಿಯೂ ಇದೆ. ಇಟಲಿಯ ರಿಗೊಟ್ಟಿ ಎಂಬ ಸರ್ಜನ್ ರೇಡಿಯೇಷನ್ನಿನಿಂದ ಹಾಳಾಗಿದ್ದ ಚರ್ಮದಡಿಗೆ ಇಂಥದ್ದೇ ಕೊಬ್ಬು ಹಾಕಿ, ಜಾಗ ಚೇತರಿಸಿಕೊಂಡದ್ದನ್ನು 2007ರಲ್ಲಿ ವರದಿ ಮಾಡಿದ್ದಾನೆ. ಬೀಡುಬಿದ್ದ ಗದ್ದೆಗೆ ಸಸಿಯೇ ಗೊಬ್ಬರವಾದ ಹಾಗೆ.

ಪತ್ರದ ಕೊನೆಯಲ್ಲಿ ಮನೆಯಲ್ಲಿರುವ ಅತ್ತೆಯ ಮಾತೂ ಇತ್ತು: ಆಪರೇಷನ್ ಆದಮೇಲೆ ಬದನೆಕಾಯಿ, ಶೇಂಗಾ, ಮೊಟ್ಟೆ ನಂಜು, ಒಂದು ತಿಂಗಳು ಗಂಜಿ ಮಾತ್ರ. ನಂಜಿನ ಈ ಪಟ್ಟಿ ಜಿಲ್ಲೆ ದಾಟಿದರೆ ಬದಲಾಗುತ್ತದೆ, ಮನೆ ದಾಟಿದರೂ ಬದಲಾಗುತ್ತದೆ. ಹೊಸ ರಕ್ತನಾಳ ಕಟ್ಟಬೇಕಾದ ಮೈಗೆ ಪ್ರೋಟೀನು ಬೇಕು. ಅತ್ತೆ ಮೊಟ್ಟೆಯನ್ನು ಬಿಡಿಸುತ್ತಾರೆ, ಆದರೆ ಊಟವಾದ ಮೇಲೆ ಅಕ್ಕನಿಗೆ ಎಲೆಅಡಿಕೆಯ ಜೊತೆ ಹೊಗೆಸೊಪ್ಪಿನ ಚೂರು ಕೊಡುವುದನ್ನು ಬಿಡುವುದಿಲ್ಲವಂತೆ! ಬೀಡಿಯಿಂದ ಬಂದರೇನು, ಹೊಗೆಸೊಪ್ಪಿನಿಂದ ಬಂದರೇನು, ನಿಕೋಟಿನ್ ಸಣ್ಣ ರಕ್ತನಾಳಗಳನ್ನು ಮುದುಡಿಸುತ್ತದೆ. ನೆಟ್ಟ ಗದ್ದೆಗೆ ಬರುವ ನೀರನ್ನು ತಡೆದಂತೆ. ಆ ಮನೆಯಲ್ಲಿ ನಂಜು ಎಂಬುದಿದ್ದರೆ ಅತ್ತೆಯ ಎಲೆಅಡಿಕೆ ಚೀಲದಲ್ಲಿದೆ. ಆರೈಕೆಯ ಇನ್ನೆರಡು ಮಾತು: ಕೊಬ್ಬು ತೆಗೆದ ಹೊಟ್ಟೆಗೆ ಬಿಗಿಯಾದ ಪಟ್ಟಿ ಕಟ್ಟುತ್ತಾರೆ, ನೆಟ್ಟ ಎದೆಯ ಮೇಲೆ ಮಾತ್ರ ಒತ್ತಡ ಬೀಳಬಾರದು. ಎಣ್ಣೆ ಹಚ್ಚಿ ನೀವುವ ಅಕ್ಕರೆಯೂ ಸದ್ಯಕ್ಕೆ ಬೇಡ.

ತುಪ್ಪ ಬೇಡ ಅಂದದ್ದಕ್ಕೆ ಇನ್ನೊಂದು ಕಾರಣ ಬಾಕಿಯಿದೆ. ಧಾರವಾಡದಿಂದ ಬೆಂಗಳೂರಿಗೆ ಬಂದು ಇಪ್ಪತ್ತು ವರ್ಷವಾದರೂ ನನ್ನ ಸಹೋದ್ಯೋಗಿಯೊಬ್ಬರಿಗೆ ಮಧ್ಯಾಹ್ನ ಜೋಳದ ರೊಟ್ಟಿಯೇ ಆಗಬೇಕು. ಹೊಟ್ಟೆಯ ಕೊಬ್ಬೂ ಹಾಗೆಯೇ, ಎದೆಗೆ ಬಂದರೂ ಹೊಟ್ಟೆಯ ಚಾಳಿ ಬಿಡುವುದಿಲ್ಲ. ಮೈ ದಪ್ಪಗಾದರೆ ಅದೂ ಉಬ್ಬುತ್ತದೆ, ಇಳಿದರೆ ಅದೂ ಇಳಿಯುತ್ತದೆ. ತುಪ್ಪ ತಿಂದು ಐದು ಕಿಲೋ ಏರಿದಾಗ ನೆಟ್ಟು, ಆಮೇಲೆ ಆ ಐದು ಕಿಲೋ ಇಳಿದರೆ ತಗ್ಗು ಮತ್ತೆ ಕಾಣಿಸಿಕೊಳ್ಳುತ್ತದೆ. ಅದಕ್ಕೇ ತೂಕ ಒಂದು ಹದಕ್ಕೆ ನಿಂತ ಮೇಲೆ ಬನ್ನಿ ಎನ್ನುತ್ತಾರೆ ಸರ್ಜನ್‌ಗಳು. ಇಷ್ಟನ್ನೂ ಓದುಗರಿಗೆ ಬರೆದು ಕಳಿಸಿದ್ದೆ. ಮೊನ್ನೆ ಉತ್ತರ ಬಂತು. ಅಮ್ಮ ತುಪ್ಪ ನಿಲ್ಲಿಸಿದ್ದಾರಂತೆ. ಅಕ್ಕ ಸಂತೆಬೀದಿಯಲ್ಲಿ ತೂಕದ ಯಂತ್ರ ಕೊಂಡು ತಂದು ಮೊದಲು ಅಮ್ಮನನ್ನೇ ಅದರ ಮೇಲೆ ಹತ್ತಿಸಿದರಂತೆ.