ಚಳಿಗೆ ಬೋಳಾದ ಕರಿಬೇವನ್ನು ಕೀಳಬೇಡಿ



ಹೋಟೆಲಿನ ಒಗ್ಗರಣೆಗೆ ಜಾಂಭಳಿ ನಾಕಾ ಮಾರ್ಕೆಟಿನ ಕಡಿಪತ್ತಾ ತಂದರೂ ಮನೆಯ ಸಾರಿಗೆ ನಮ್ಮಲ್ಲಿ ಹಲವರು ಕುಂಡದಲ್ಲೋ ಡ್ರಮ್ಮಿನಲ್ಲೋ ಸ್ವಂತ ಕರಿಬೇವು ಸಾಕಿದ್ದೇವೆ. ವರ್ತಕ ನಗರದಲ್ಲಿ ಡಿಸೆಂಬರ್, ಜನವರಿಯ ರಾತ್ರಿ ಯೇವೂರ್ ಗುಡ್ಡದ ಕಡೆಯ ತಂಪು ತಾಗಿದರೆ ಈ ಗಿಡ ಹಳದಿಯಾಗಿ ಎಲೆ ಉದುರಿಸುತ್ತದೆ.

ಕೆಲವು ವರ್ಷಗಳ ಹಿಂದೆ ನನ್ನ ಗಿಡವೂ ಹೀಗಾಯಿತು. ನೀರು ಸಾಲದೆಂದು ದಿನಕ್ಕೆ ಎರಡು ಹೊತ್ತು ಸುರಿದೆ, ಗೊಬ್ಬರವನ್ನೂ ಹಾಕಿದೆ. ಫೆಬ್ರವರಿಯಲ್ಲಿ ಕಿತ್ತು ನೋಡಿದರೆ ಬೇರು ಕೊಳೆತಿತ್ತು. ಊರಿನಿಂದ ಅಮ್ಮ ಕಟ್ಟಿಕೊಟ್ಟ ಸಸಿ ಅದು. ಅದನ್ನು ಕೊಂದದ್ದು ಚಳಿಯಲ್ಲ, ನನ್ನ ಅವಸರ.

ಕರಿಬೇವು ಸೆಕೆ ಬಯಸುವ ಗಿಡ. ಚಳಿಯಲ್ಲಿ ಬೆಳವಣಿಗೆ ನಿಧಾನವಾಗಿ ಬೇರು ನೀರನ್ನು ಕಡಿಮೆ ಎಳೆಯುತ್ತದೆ. ಆದ್ದರಿಂದ ಮೇಲ್ಮಣ್ಣು ಒಣಗಿದ ಮೇಲಷ್ಟೇ ನೀರು ಕೊಡಿ. ಗೊಬ್ಬರ ಬೇಡ. ಗಿಡ ಸತ್ತಿತೆಂಬ ಸಂಶಯ ಬಂದರೆ ಉಗುರಿನಿಂದ ಕಾಂಡವನ್ನು ತುಸು ಕೆರೆದು ನೋಡಿ. ಒಳಗೆ ಹಸಿರಿದ್ದರೆ ಜೀವವಿದೆ.

ಶಿವರಾತ್ರಿ ಕಳೆದು ಬಿಸಿಲು ಏರಿದಾಗ ಕೊಂಬೆಗಳ ತುದಿ ಕತ್ತರಿಸಿ. ಅಲ್ಲಿಂದಲೇ ಹೊಸ ಕವಲು ಒಡೆಯುತ್ತದೆ. ಹೂಗೊಂಚಲು ಬಂದರೆ ಚಿವುಟಿ ತೆಗೆಯಿರಿ, ಇಲ್ಲವಾದರೆ ಗಿಡದ ಬಲ ಕಾಯಿಗೆ ಹೋಗಿ ಎಲೆ ಕಡಿಮೆಯಾಗುತ್ತದೆ. ಚಿಗುರು ಕಂಡ ನಂತರ ಎರಡು ಹಿಡಿ ಹಳೆಯ ಹಟ್ಟಿಗೊಬ್ಬರ ಸಾಕು. ನೀರು ಮೆಲ್ಲನೆ ಹೆಚ್ಚಿಸಿ.

ಈಗಿರುವುದು ನೆರೆಮನೆಯವರು ಕೊಟ್ಟ ಸಸಿ. ಕಳೆದ ಚಳಿಗೆ ಅದೂ ಬೋಳಾಯಿತು. ಕೈ ಕಟ್ಟಿ ಕಾದೆ. ಯುಗಾದಿಯ ಸಾರಿಗೆ ಅದರದೇ ಎಲೆ ಬಿತ್ತು.