ಮನೆಯಲ್ಲೇ ಆಮ್ಲಜನಕ: ಯಾರಿಗೆ, ಎಷ್ಟು ಹೊತ್ತು?

'ಆಕ್ಸಿಜನ್ ಹಾಕಿದ್ದಾರಂತೆ' ಎಂಬ ಮಾತು ಕಿವಿಗೆ ಬಿದ್ದೊಡನೆ ನೆಂಟರಿಷ್ಟರು ರೋಗಿಯ ಕಡೆಗಾಲ ಬಂತೆಂದೇ ತಿಳಿಯುತ್ತಾರೆ. ಈ ಭಯದಿಂದಲೇ ಎಷ್ಟೋ ಹಿರಿಯರು ಮನೆಯಲ್ಲಿ ಆಮ್ಲಜನಕ ಪಡೆಯಲು ಒಪ್ಪುವುದಿಲ್ಲ. ಆದರೆ ವರ್ಷಗಟ್ಟಲೆ ಬೀಡಿ, ಸಿಗರೇಟು ಸೇದಿ ಅಥವಾ ಸೌದೆ ಒಲೆಯ ಹೊಗೆ ಕುಡಿದು ಶ್ವಾಸಕೋಶ ಕೆಟ್ಟವರಲ್ಲಿ ಕೆಲವರಿಗೆ ಇದು ಆಯುಸ್ಸನ್ನೇ ಹೆಚ್ಚಿಸುವ ಚಿಕಿತ್ಸೆ. 1980 ಮತ್ತು 1981ರಲ್ಲಿ ಪ್ರಕಟವಾದ ಎರಡು ಅಧ್ಯಯನಗಳು ಇದನ್ನು ತೋರಿಸಿಕೊಟ್ಟವು.

ಯಾರಿಗೆ ಬೇಕು?

ದಮ್ಮು ಇರುವವರಿಗೆಲ್ಲ ಇದು ಬೇಕಿಲ್ಲ. ಏದುಸಿರು ಬಂದ ಮಾತ್ರಕ್ಕೆ ರಕ್ತದಲ್ಲಿ ಆಮ್ಲಜನಕ ಕಡಿಮೆಯಾಗಿದೆ ಎಂದಲ್ಲ. ಔಷಧ ಸರಿಯಾಗಿ ನಡೆಯುತ್ತಿದ್ದು, ಕಾಯಿಲೆ ಹತೋಟಿಯಲ್ಲಿದ್ದು, ಸುಮ್ಮನೆ ಕುಳಿತಾಗಲೂ ಬೆರಳಿಗೆ ಹಾಕುವ ಆಕ್ಸಿಮೀಟರ್ ಶೇ. 88 ಅಥವಾ ಅದಕ್ಕೂ ಕಡಿಮೆ ತೋರಿಸಿದರೆ, ವೈದ್ಯರು ಅಪಧಮನಿಯ ರಕ್ತ ಪರೀಕ್ಷಿಸಿ ನಿರ್ಧರಿಸುತ್ತಾರೆ. ಉಗುರುಬಣ್ಣ, ತಣ್ಣಗಿರುವ ಬೆರಳು ತಪ್ಪು ಅಂಕಿ ತೋರಿಸಬಹುದು.

ಎಷ್ಟು ಹೊತ್ತು?

ದಿನಕ್ಕೆ ಕನಿಷ್ಠ 15 ಗಂಟೆ, ನಿದ್ರೆಯ ಹೊತ್ತೂ ಸೇರಿ. ಆಮ್ಲಜನಕದ ಕೊರತೆಯಿಂದ ಶ್ವಾಸಕೋಶದ ರಕ್ತನಾಳಗಳು ಕಿರಿದಾಗಿ, ಹೃದಯದ ಬಲಭಾಗ ದಣಿದು, ಕಾಲು ಬಾಯುತ್ತದೆ. ಉಸಿರು ಕಟ್ಟಿದಾಗ ಹತ್ತು ನಿಮಿಷ ಹಿಡಿದು ಬಿಟ್ಟರೆ ಈ ಹೊರೆ ಇಳಿಯದು.

ನೀವೇ ಹೆಚ್ಚಿಸಬೇಡಿ

ಅಪ್ಪನ ಸಂಕಟ ನೋಡಲಾರದೆ ಮಕ್ಕಳು ಗುಂಡಿ ತಿರುಗಿಸಿ ಹೆಚ್ಚು ಆಮ್ಲಜನಕ ಬಿಡುವುದುಂಟು. ಇದು ಅಪಾಯಕರ. ಕೆಲವರಲ್ಲಿ ಇಂಗಾಲದ ಡೈ ಆಕ್ಸೈಡ್ ರಕ್ತದಲ್ಲೇ ಉಳಿದು ತಲೆನೋವು, ತೂಕಡಿಕೆ, ಮಂಕು ಕವಿಯುತ್ತದೆ. ಹೀಗಾದರೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ. ಆಮ್ಲಜನಕವನ್ನು ಥಟ್ಟನೆ ಪೂರ್ತಿ ನಿಲ್ಲಿಸಬೇಡಿ. ಇಂಥ ರೋಗಿಗಳಿಗೆ ಸಾಮಾನ್ಯವಾಗಿ ಶೇ. 88ರಿಂದ 92 ಸಾಕು, ನೂರು ಮುಟ್ಟಿಸಬೇಕಿಲ್ಲ.

ಯಂತ್ರದ ಬಗ್ಗೆ

ಕಾನ್ಸಂಟ್ರೇಟರ್ ಎಂಬ ಯಂತ್ರ ಕೋಣೆಯ ಗಾಳಿಯಿಂದ ಸಾರಜನಕವನ್ನು ಬೇರ್ಪಡಿಸಿ ಆಮ್ಲಜನಕ ಕೊಡುತ್ತದೆ. ಅದು ನಡೆಯುವುದು ವಿದ್ಯುತ್ತಿನಿಂದ. ಕರೆಂಟು ಹೋದಾಗಿನ ಆಸರೆಗೆ ತುಂಬಿದ ಸಿಲಿಂಡರ್ ಒಂದಿರಲಿ. ಯಂತ್ರವನ್ನು ಗೋಡೆಗೆ ಒತ್ತಿ ಇಡಬೇಡಿ, ಬಟ್ಟೆ ಮುಚ್ಚಬೇಡಿ. ಗಾಳಿ ಸೋಸುವ ಫಿಲ್ಟರನ್ನು ಆಗಾಗ ಶುಚಿ ಮಾಡಿ.

ಆಮ್ಲಜನಕ ತಾನಾಗಿ ಉರಿಯದು, ಆದರೆ ಕಿಡಿಯನ್ನು ಜ್ವಾಲೆಯಾಗಿಸುತ್ತದೆ. ಬೀಡಿ, ಊದುಬತ್ತಿ, ದೇವರ ದೀಪ, ಗ್ಯಾಸ್ ಒಲೆ ಹತ್ತಿರ ಬೇಡ. ಮೂಗು ಒಣಗಿದರೆ ವ್ಯಾಸಲೀನ್, ಎಣ್ಣೆ ಸವರಬೇಡಿ. ರೋಗಿ ಧೂಮಪಾನ ಬಿಡಲೇಬೇಕು. ಮನೆಯವರೂ ಒಳಗೆ ಸೇದಬಾರದು.

ಮೂಗಿನಲ್ಲಿ ನಳಿಕೆ ಇದ್ದರೂ ಊಟ, ಮಾತು, ಮನೆಯೊಳಗಿನ ಓಡಾಟ ಎಲ್ಲವೂ ಸಾಧ್ಯ. ಎರಡು ಮೂರು ತಿಂಗಳ ನಂತರ ಮತ್ತೆ ಪರೀಕ್ಷೆ ಮಾಡಿಸಿ. ಚೇತರಿಸಿಕೊಂಡ ಕೆಲವರಿಗೆ ಆಮ್ಲಜನಕವನ್ನೇ ನಿಲ್ಲಿಸಬಹುದು.