‘ನೆಟ್ ಹೋಯ್ತು’ ಅಂದರೆ ಹೋಗಿದ್ದು ಯಾವುದು?

ಮನೆಯಲ್ಲಿ ಒಬ್ಬರು ‘ನೆಟ್ ಹೋಯ್ತು’ ಎನ್ನುತ್ತಾರೆ, ಇನ್ನೊಬ್ಬರು ಎದ್ದು ಹೋಗಿ ರೂಟರಿನ ಸ್ವಿಚ್ ಆರಿಸಿ ಮತ್ತೆ ಹಾಕುತ್ತಾರೆ. ಎರಡು ಮೂರು ನಿಮಿಷದಲ್ಲಿ ನೆಟ್ ಬರುತ್ತದೆ. ಸಂಜೆಗೆ ಮತ್ತೆ ಹೋಗುತ್ತದೆ. ಹೀಗೆ ವಾರ ಕಳೆದ ಮೇಲೆ ರೂಟರ್ ಕೆಟ್ಟಿದೆ ಎಂಬ ತೀರ್ಪು ಬಂದು ಹೊಸದನ್ನು ತರಿಸುತ್ತಾರೆ, ಅದೂ ಹಳೆಯದರ ಹಾಡನ್ನೇ ಹಾಡುತ್ತದೆ. ಸ್ವಿಚ್ ಮುಟ್ಟುವ ಮುನ್ನ ಅದರ ಮುಖದ ಮೇಲಿನ ದೀಪಗಳನ್ನು ಅರ್ಧ ನಿಮಿಷ ನೋಡಿದ್ದರೆ ತೊಂದರೆ ಎಲ್ಲಿದೆಯೆಂದು ಬಹುಪಾಲು ಅಲ್ಲೇ ತಿಳಿಯುತ್ತಿತ್ತು. ಆರಿಸಿದ ಕ್ಷಣ ಆ ಸುಳಿವೆಲ್ಲ ಅಳಿಸಿಹೋಗುತ್ತದೆ. ಮನೆಬಳಕೆಯ ಎಷ್ಟೋ ರೂಟರುಗಳು ತಮ್ಮ ದಿನಚರಿಯನ್ನು ಬರೆದಿಡುವುದು ಕರೆಂಟ್ ಇರುವವರೆಗೆ ಮಾತ್ರ ಉಳಿಯುವ ಮೆಮೊರಿಯಲ್ಲಿ.

“ವೈ-ಫೈ ಫುಲ್ ತೋರಿಸ್ತಿದೆ, ಅಂದ್ರೆ ಲೈನ್ ಸರಿಯಿದೆ, ಮೊಬೈಲೇ ಕೆಟ್ಟಿದೆ”

ಇಲ್ಲ. ಮೊಬೈಲಿನ ಮೇಲ್ತುದಿಯ ಆ ಕಮಾನುಗಳು ಹೇಳುವುದು ಮೊಬೈಲಿಗೂ ರೂಟರಿಗೂ ನಡುವಿನ ಸಂಗತಿಯನ್ನಷ್ಟೇ. ಫೈಬರ್ ವೈರನ್ನು ಪೂರ್ತಿ ಕಿತ್ತಿಟ್ಟರೂ ವೈ-ಫೈ ಫುಲ್ಲಾಗಿಯೇ ಕಾಣುತ್ತದೆ. ತಿಂಗಳ ಪ್ಯಾಕ್ ಮುಗಿದಿದ್ದರೂ ಅಷ್ಟೇ. (ನೆಟ್ ಇಲ್ಲವೆಂಬ ದೂರುಗಳಲ್ಲಿ ಇದೂ ಒಂದು ಜಾತಿ. ಮೊದಲು ರೀಚಾರ್ಜ್ ತಾರೀಕು ನೋಡಿಕೊಂಡರೆ ಮುಜುಗರ ತಪ್ಪುತ್ತದೆ.)

ದಾರಿಯಲ್ಲಿ ಮೂರು ತುಂಡುಗಳಿವೆ. ಮೊಬೈಲಿನಿಂದ ರೂಟರಿಗೆ ಒಂದು, ರೂಟರಿನಿಂದ ಕಂಪನಿಯ ಯಂತ್ರಕ್ಕೆ ಇನ್ನೊಂದು, ಅಲ್ಲಿಂದ ಲೋಕಕ್ಕೆ ಮತ್ತೊಂದು. ಮೊದಲನೆಯದನ್ನು ಪರೀಕ್ಷಿಸಲು ಬ್ರೌಸರಿನಲ್ಲಿ ರೂಟರಿನ ವಿಳಾಸ ಹಾಕಿ ನೋಡಿ. ಸಾಮಾನ್ಯವಾಗಿ ಅದು 192.168.1.1 ಇರುತ್ತದೆ, ಬಾಕ್ಸಿನ ಅಡಿಯ ಸ್ಟಿಕ್ಕರಿನಲ್ಲಿ ಅಚ್ಚಾಗಿರುತ್ತದೆ. ಆ ಪುಟ ತೆರೆದುಕೊಂಡರೆ ಮನೆಯೊಳಗಿನ ವೈ-ಫೈಗೆ ರೋಗವಿಲ್ಲ. ಎರಡನೆಯದಕ್ಕೆ ದೀಪಗಳೇ ಸಾಕ್ಷಿ. ಫೈಬರ್ ಬಾಕ್ಸಿನಲ್ಲಿ ‘ಪಾನ್’ ಎಂಬ ದೀಪ ಹಸಿರಾಗಿ ನೆಟ್ಟಗೆ ಉರಿಯಬೇಕು. ಅದು ಮಿಟುಕುತ್ತಿದ್ದರೆ ಬಾಕ್ಸು ಕಂಪನಿಯ ಯಂತ್ರದ ಜೊತೆ ಹೆಸರು ನೋಂದಾಯಿಸಿಕೊಳ್ಳಲು ಒದ್ದಾಡುತ್ತಿದೆ ಎಂದರ್ಥ. ‘ಎಲ್‌ಒಎಸ್’ ಕೆಂಪಾದರೆ ಬೆಳಕೇ ಬಂದು ಮುಟ್ಟುತ್ತಿಲ್ಲ, ಎಷ್ಟು ಸಲ ಆರಿಸಿ ಹಾಕಿದರೂ ಪ್ರಯೋಜನವಿಲ್ಲ. ಇವೆರಡೂ ಸರಿಯಿದ್ದು ಇಂಟರ್ನೆಟ್ ದೀಪ ಮಾತ್ರ ಕೆಂಪಾಗಿದ್ದರೆ ಅಥವಾ ಆರಿದ್ದರೆ ಲೈನ್ ಇದೆ, ಲಾಗಿನ್ ಆಗಿಲ್ಲ.

ಎಲ್ಲ ದೀಪಗಳೂ ಹಸಿರು, ನಡೆಯುತ್ತಿದ್ದ ವಾಟ್ಸಾಪ್ ಕರೆಯೂ ಕಡಿಯಲಿಲ್ಲ, ಆದರೆ ಹೊಸ ಪುಟ ಒಂದೂ ತೆರೆಯುತ್ತಿಲ್ಲ ಎನ್ನುವುದು ಬೇರೆಯೇ ಕಥೆ. ಅಲ್ಲಿ ಸೋತಿರುವುದು ಡಿಎನ್ಎಸ್, ಎಂದರೆ ಜಾಲತಾಣದ ಹೆಸರನ್ನು ಅಂಕಿಯ ವಿಳಾಸವಾಗಿ ಬದಲಿಸಿ ಕೊಡುವ ವ್ಯವಸ್ಥೆ. ರೂಟರಿನಲ್ಲಿ ಕಂಪನಿ ಕೊಟ್ಟ ಡಿಎನ್ಎಸ್ ಬದಲು 8.8.8.8 ಅಥವಾ 1.1.1.1 ಹಾಕಿದರೆ ಇದು ತಪ್ಪುತ್ತದೆ.

“ಆಫ್ ಮಾಡಿ ಆನ್ ಮಾಡಿದ್ರೆ ಎಲ್ಲಾ ಸರಿಹೋಗುತ್ತೆ”

ಈ ನಂಬಿಕೆ ಪೂರ್ತಿ ಸುಳ್ಳಲ್ಲ, ಅದಕ್ಕೇ ಇಷ್ಟು ಗಟ್ಟಿಯಾಗಿ ಉಳಿದಿದೆ. ಆರಿಸಿ ಹಾಕಿದಾಗ ರೂಟರಿನ ತುಂಬಿದ ಮೆಮೊರಿ ಖಾಲಿಯಾಗುತ್ತದೆ, ಕಂಪನಿಯ ಜೊತೆ ಹೊಸ ಲಾಗಿನ್ ಆಗುತ್ತದೆ. ಆದರೆ ತಿಂಗಳಿಗೊಮ್ಮೆ ಮಾಡುವ ಕೆಲಸವನ್ನು ದಿನಕ್ಕೆ ಮೂರು ಸಲ ಮಾಡಬೇಕಾಗಿ ಬಂದರೆ ಅದು ಔಷಧವಲ್ಲ, ನೋವು ಮರೆಸುವ ಮಾತ್ರೆ.

ಇನ್ನೊಂದು ತೊಡಕಿದೆ. ಯೂಸರ್‌ನೇಮ್ ಮತ್ತು ಪಾಸ್‌ವರ್ಡ್ ಹಾಕಿ ನಡೆಯುವ ಪಿಪಿಪಿಒಇ ಸಂಪರ್ಕಗಳಲ್ಲಿ ರೂಟರ್ ದಿಢೀರನೆ ಆರಿದರೆ ಕಂಪನಿಯ ಸರ್ವರಿಗೆ ಅದು ತಕ್ಷಣ ಗೊತ್ತಾಗುವುದಿಲ್ಲ, ಹಳೆಯ ಲಾಗಿನ್ ಇನ್ನೂ ಜೀವಂತ ಇದೆ ಎಂದೇ ಹಿಡಿದುಕೊಂಡಿರುತ್ತದೆ. ಒಂದು ಖಾತೆಗೆ ಒಂದೇ ಲಾಗಿನ್ ಎಂಬ ಕಟ್ಟಳೆ ಇರುವಲ್ಲಿ ಹೊಸ ಕೋರಿಕೆಯನ್ನು ತಳ್ಳಿಹಾಕುತ್ತದೆ. ಆಗ ಮತ್ತೆ ಮತ್ತೆ ಸ್ವಿಚ್ ಆಡಿಸುವುದಕ್ಕಿಂತ ಐದು ನಿಮಿಷ ಸುಮ್ಮನೆ ಕೂರುವುದೇ ವಾಸಿ.

ಬಾಕ್ಸಿನ ಹಿಂದಿನ ಸಣ್ಣ ತೂತಿಗೆ ಪಿನ್ ಚುಚ್ಚುವುದನ್ನೂ ‘ರೀಸ್ಟಾರ್ಟ್’ ಎಂದುಕೊಂಡವರಿದ್ದಾರೆ. ಅದು ರೀಸೆಟ್. ಹತ್ತು ಸೆಕೆಂಡು ಒತ್ತಿ ಹಿಡಿದರೆ ವೈ-ಫೈ ಹೆಸರು, ಪಾಸ್‌ವರ್ಡ್ ಮಾತ್ರವಲ್ಲ, ಕಂಪನಿಯ ಲಾಗಿನ್ ಮತ್ತು ಅವರ ಜಾಲಕ್ಕೆ ಸೇರಲು ಬೇಕಾದ ವಿಲ್ಯಾನ್ ಸಂಖ್ಯೆ ಕೂಡ ಅಳಿಸಿ ಬಾಕ್ಸು ಕಾರ್ಖಾನೆಯಿಂದ ಬಂದ ಸ್ಥಿತಿಗೆ ಮರಳುತ್ತದೆ. ದೊಡ್ಡ ಕಂಪನಿಗಳ ಕೆಲವು ಬಾಕ್ಸುಗಳು ದೂರದಿಂದಲೇ ಮತ್ತೆ ತುಂಬಿಸಿಕೊಳ್ಳುತ್ತವೆ. ಊರಿನ ಕೇಬಲಿನವರು ಕೊಟ್ಟ ಬಾಕ್ಸಿಗೆ ಸಾಮಾನ್ಯವಾಗಿ ಆ ಭಾಗ್ಯವಿಲ್ಲ. ಅವರೇ ಬಂದು ಟೈಪ್ ಮಾಡಬೇಕು, ಭಾನುವಾರವಾದರೆ ಸೋಮವಾರಕ್ಕೆ.

“ಮಳೆ ಬಂದ್ರೆ ಸಿಗ್ನಲ್ ವೀಕಾಗುತ್ತೆ”

ಈ ಮಾತು ಒಂದು ಕಾಲಕ್ಕೆ ನಿಜವಾಗಿತ್ತು. ಬಿಎಸ್‌ಎನ್‌ಎಲ್ 2005ರಲ್ಲಿ ಡೇಟಾಒನ್ ಹೆಸರಿನ ಬ್ರಾಡ್‌ಬ್ಯಾಂಡ್ ತಂದಾಗ ಅದು ಬರುತ್ತಿದ್ದುದು ಲ್ಯಾಂಡ್‌ಲೈನ್ ಫೋನಿನ ತಾಮ್ರದ ತಂತಿಯ ಮೇಲೆ. ಗುಂಡಿಯೊಳಗಿನ ಜಾಯಿಂಟಿಗೆ ನೀರು ಇಳಿದರೆ ಫೋನಿನಲ್ಲಿ ಗೊರಗೊರ ಸದ್ದು, ಮೋಡೆಮ್ಮಿನಲ್ಲಿ ಡಿಎಸ್‌ಎಲ್ ದೀಪ ಮಿಣಮಿಣ. ಅಂದಿನ ಮೋಡೆಮ್ಮನ್ನು ಆರಿಸಿ ಹಾಕಿದರೆ ಅದು ಕೆಟ್ಟ ತಂತಿಗೆ ತಕ್ಕಂತೆ ಹೊಸದಾಗಿ ಹೊಂದಿಕೊಳ್ಳುತ್ತಿತ್ತು. ತಾಮ್ರ ಹೋಗಿ ಗಾಜು ಬಂತು, ನಂಬಿಕೆಗಳೆರಡೂ ಹಾಗೇ ಉಳಿದವು.

ಗಾಜಿನ ಎಳೆಯೊಳಗೆ ಹೋಗುವ ಬೆಳಕಿಗೆ ಮಳೆಯ ಹಂಗಿಲ್ಲ. ಆದರೂ ಮಳೆಗಾಲದಲ್ಲಿ ನೆಟ್ ಹೋಗುವುದು ಸುಳ್ಳಲ್ಲವಲ್ಲ? ಕಾರಣ ಎಳೆಯ ಸುತ್ತಮುತ್ತ ಇದೆ. ಗಾಳಿಗೆ ಕೊಂಬೆ ಬಿದ್ದು ಕೇಬಲ್ ಜಗ್ಗುತ್ತದೆ, ಸರಿಯಾಗಿ ಮುಚ್ಚದ ಜಾಯಿಂಟ್ ಬಾಕ್ಸಿಗೆ ನೀರು ಇಳಿದು ಕನೆಕ್ಟರ್ ಕೊಳೆಯಾಗುತ್ತದೆ, ಕಂಪನಿಯ ಯಂತ್ರ ಇರುವ ಕಡೆ ಕರೆಂಟ್ ಹೋಗಿ ಅಲ್ಲಿನ ಬ್ಯಾಟರಿ ಮುಗಿಯುತ್ತದೆ. ಮಲೆನಾಡಿನಲ್ಲಿ ತೋಟದ ಮೇಲೆ ಹಾಯ್ದು ಬರುವ ಕೇಬಲಿಗೆ ಕೋತಿಯ ಕಾಟ ಬೇರೆ, ಅಳಿಲಿನ ಹಲ್ಲು ಬೇರೆ. ಬೆಂಗಳೂರಿನಲ್ಲಿ ಕೋತಿಯ ಕೆಲಸವನ್ನು ರಸ್ತೆ ಅಗೆಯುವ ಜೆಸಿಬಿ ಮಾಡುತ್ತದೆ.

ಬೆಳಕು ಎಷ್ಟು ಬರುತ್ತಿದೆಯೆಂದು ಅಳೆಯಬಹುದು. ಲೈನ್‌ಮ್ಯಾನ್ ಕೈಯಲ್ಲಿರುವ ಪವರ್ ಮೀಟರ್ ತೋರಿಸುವ ‘ಮೈನಸ್ ಇಪ್ಪತ್ತು’, ‘ಮೈನಸ್ ಇಪ್ಪತ್ತೈದು’ ಅದೇ. ಎಷ್ಟೋ ಬಾಕ್ಸುಗಳ ಒಳಪುಟದಲ್ಲೂ ‘ಆರ್‌ಎಕ್ಸ್ ಪವರ್’ ಎಂಬ ಸಾಲಿನಲ್ಲಿ ಈ ಅಂಕಿ ಸಿಗುತ್ತದೆ. ಲೆಕ್ಕ ಸರಳ: ಪ್ರತಿ 3 ಡಿಬಿ (ಡೆಸಿಬೆಲ್) ಇಳಿದರೆ ಬೆಳಕು ಅರ್ಧವಾಯಿತು. ನಮ್ಮ ಬೀದಿಯ ಒಂದೇ ಎಳೆಯ ಬೆಳಕನ್ನು ಸ್ಪ್ಲಿಟರ್ ಎಂಬ ಪುಟ್ಟ ಪೆಟ್ಟಿಗೆ ಮನೆಮನೆಗೆ ಹಂಚುತ್ತದೆ. ಒಂದನ್ನು 32 ಮಾಡಿದರೆ ಅಲ್ಲೇ ಕನಿಷ್ಠ 15 ಡಿಬಿ ಖರ್ಚು. ಸಾಮಾನ್ಯ ಬಳಕೆಯ ಫೈಬರ್ ಬಾಕ್ಸುಗಳು (ಜಿಪಾನ್ ಎಂಬ ಬಗೆಯವು) ಮೈನಸ್ 27ರವರೆಗೆ ಓದುತ್ತವೆ. ಮೈನಸ್ 20ರಲ್ಲಿ ಇದ್ದರೆ ನೆಮ್ಮದಿ. ಮೈನಸ್ 26ರಲ್ಲಿ ಇದ್ದರೆ ದಿನವಿಡೀ ಚೆನ್ನಾಗಿ ಓಡಿ, ಗಾಳಿಗೆ ಕೇಬಲ್ ಅಲುಗಿದಾಗ ಮಾತ್ರ ಕಡಿಯುತ್ತದೆ. ‘ಮಳೆ ಬಂದ್ರೆ ಹೋಗುತ್ತೆ’ ಎಂಬ ದೂರಿನ ಹಿಂದೆ ಇರುವುದು ಹೆಚ್ಚಾಗಿ ಇಂಥ ಅಂಚಿನ ಮನೆಗಳು.

ಅಂಚಿಗೆ ತಳ್ಳುವ ಕೆಲಸವನ್ನು ನಾವೂ ಮಾಡುತ್ತೇವೆ. ಫೈಬರ್ ವೈರನ್ನು ಕರೆಂಟ್ ವೈರಿನಂತೆ ಮೂಲೆಯಲ್ಲಿ ಚೂಪಾಗಿ ಮಡಚಿ ಮೊಳೆ ಹೊಡೆದರೆ ಬೆಳಕು ಮಡಿಕೆಯಲ್ಲೇ ಹೊರಗೆ ಸೋರಿಹೋಗುತ್ತದೆ. ಸೋಫಾದ ಕಾಲಿನಡಿ ಸಿಕ್ಕಿದರೂ ಹಾಗೇ. ಹಸಿರು ತಲೆಯ ಕನೆಕ್ಟರನ್ನು ಕಿತ್ತು ಅಂಗಿಯ ಅಂಚಿನಿಂದ ಒರೆಸಬೇಡಿ, ತುದಿಯೊಳಗೆ ಇಣುಕಿ ನೋಡಲೂ ಬೇಡಿ. ಅದರೊಳಗಿನ ಬೆಳಕು ಕಣ್ಣಿಗೆ ಕಾಣುವಂಥದ್ದಲ್ಲ.

“ಇನ್ವರ್ಟರ್ ಇದೆ, ಕರೆಂಟಿನ ತೊಂದರೆ ಇರಲಿಕ್ಕಿಲ್ಲ”

ನೆಟ್ ಹೋದ ಹೊತ್ತಿನಲ್ಲೇ ಬಾಕ್ಸಿನ ಎಲ್ಲ ದೀಪಗಳೂ ಒಟ್ಟಿಗೆ ಆರಿ ಒಂದೊಂದಾಗಿ ಹೊತ್ತಿಕೊಳ್ಳುತ್ತಿದ್ದರೆ ಲೈನನ್ನು ಬೈಯಬೇಡಿ. ಬಾಕ್ಸಿಗೆ ಕರೆಂಟ್ ತಪ್ಪುತ್ತಿದೆ. ಕರೆಂಟ್ ಹೋಗಿ ಇನ್ವರ್ಟರ್ ಹಿಡಿಯುವಷ್ಟರಲ್ಲಿ ಒಂದು ಕ್ಷಣದ ಬಿಡುವಿರುತ್ತದೆ. ಫ್ಯಾನಿಗೆ ಅದು ತಿಳಿಯುವುದೇ ಇಲ್ಲ, ರೂಟರ್ ಮಾತ್ರ ಬಿದ್ದು ಎದ್ದು ಎರಡು ಮೂರು ನಿಮಿಷ ತೆಗೆದುಕೊಳ್ಳುತ್ತದೆ. ಎಷ್ಟೋ ಇನ್ವರ್ಟರುಗಳ ಬೆನ್ನಿಗೆ ಯುಪಿಎಸ್ ಮೋಡ್ ಎಂಬ ಸ್ವಿಚ್ ಇರುತ್ತದೆ, ಅದನ್ನು ಹಾಕಿದರೆ ಈ ಬಿಡುವು ಕಿರಿದಾಗುತ್ತದೆ. ರೂಟರಿಗೆಂದೇ ಸಿಗುವ 12 ವೋಲ್ಟಿನ ಪುಟ್ಟ ಯುಪಿಎಸ್ಸೂ ಒಳ್ಳೆಯ ದಾರಿ.

ಕರೆಂಟ್ ಹೋಗದೆಯೂ ಹೀಗಾಗುತ್ತಿದ್ದರೆ ಅಡಾಪ್ಟರನ್ನು ಅನುಮಾನಿಸಿ. ಬಾಕ್ಸಿನ ಸ್ಟಿಕ್ಕರಿನಲ್ಲಿ 12 ವೋಲ್ಟ್, 1.5 ಆಂಪಿಯರ್ ಎಂಬಂಥ ಅಂಕಿ ಬರೆದಿರುತ್ತದೆ. ಹಳೆಯ ಅಡಾಪ್ಟರ್ ಹಾಳಾದಾಗ ‘ಪಿನ್ ಕೂರುತ್ತಲ್ಲ’ ಎಂದು ಸೆಟ್‌ಟಾಪ್ ಬಾಕ್ಸಿನ 1 ಆಂಪಿಯರಿನದ್ದನ್ನು ಸಿಕ್ಕಿಸಿರುತ್ತಾರೆ. ಒಬ್ಬರೇ ನೋಡುವಾಗ ನಡೆಯುತ್ತದೆ. ಸಂಜೆ ಎಲ್ಲರೂ ಮನೆಗೆ ಬಂದು ಮೊಬೈಲ್, ಟಿವಿ ಎಲ್ಲ ಹತ್ತಿಕೊಂಡಾಗ ಬಾಕ್ಸು ಹೆಚ್ಚು ಕರೆಂಟ್ ಎಳೆಯುತ್ತದೆ, ಅಡಾಪ್ಟರ್ ಕೈಚೆಲ್ಲುತ್ತದೆ. ವೋಲ್ಟೇಜ್ ತಾಳೆಯಾಗಿ ಆಂಪಿಯರ್ ಹೆಚ್ಚಿದ್ದರೆ ಅಪಾಯವಿಲ್ಲ, ಕಡಿಮೆ ಇರಬಾರದು.

“ಸ್ಪೀಡ್ ಹೆಚ್ಚಿನ ಪ್ಯಾಕ್ ಹಾಕಿಸಿದ್ರೆ ಕಟ್ ಆಗಲ್ಲ”

ಕಡಿಯುವ ಲೈನಿಗೆ 40ರ ಬದಲು 200 ಎಂಬಿಪಿಎಸ್ ಹಾಕಿಸಿದರೆ 200 ಎಂಬಿಪಿಎಸ್‌ನಲ್ಲಿ ಕಡಿಯುತ್ತದೆ.

ಆಂಟೆನಾ ನಾಲ್ಕಿರುವ ರೂಟರ್, ಮಹಡಿಗೊಂದು ರಿಪೀಟರ್ ಎಂಬ ಉಪಾಯಗಳೂ ಇದೇ ಸಾಲಿನವು. ರಿಪೀಟರನ್ನು ಸಿಗ್ನಲ್ ಸಿಗದ ಕೋಣೆಯಲ್ಲೇ ಇಡುವುದು ವಾಡಿಕೆ. ಸರಿಯಾಗಿ ಕೇಳಿಸಿಕೊಳ್ಳದವರು ಇನ್ನೊಬ್ಬರಿಗೆ ಸುದ್ದಿ ಮುಟ್ಟಿಸಿದ ಹಾಗಾಗುತ್ತದೆ. ಅದನ್ನು ಇಡಬೇಕಾದ್ದು ಸಿಗ್ನಲ್ ಇನ್ನೂ ಚೆನ್ನಾಗಿರುವ ನಡುದಾರಿಯಲ್ಲಿ. ಅದಕ್ಕಿಂತ ಲ್ಯಾನ್ ಕೇಬಲ್ ಎಳೆದು ಮೇಲ್ಮಹಡಿಗೆ ಎರಡನೇ ರೂಟರ್ ಹಾಕುವುದು ಉತ್ತಮ, ಆದರೆ ಅಲ್ಲೊಂದು ಹೊಂಡವಿದೆ. ಎರಡೂ 192.168.1.1 ಎಂದೇ ಹೇಳಿಕೊಂಡು, ಎರಡೂ ಮೊಬೈಲುಗಳಿಗೆ ವಿಳಾಸ ಹಂಚತೊಡಗಿದರೆ ಮನೆಯಲ್ಲಿ ಕೆಲವರಿಗೆ ನೆಟ್ ಇರುತ್ತದೆ, ಕೆಲವರಿಗೆ ಇರುವುದಿಲ್ಲ, ಅರ್ಧ ಗಂಟೆ ಬಿಟ್ಟರೆ ಅದಲುಬದಲು. ಎರಡನೆಯದರ ವಿಳಾಸ ಬದಲಿಸಿ, ಅದರ ಡಿಎಚ್‌ಸಿಪಿ (ವಿಳಾಸ ಹಂಚುವ ಕೆಲಸ) ಆಫ್ ಮಾಡಿ, ಕೇಬಲನ್ನು ಅದರ ಲ್ಯಾನ್ ತೂತಿಗೆ ಹಾಕಿದರೆ ಜಗಳ ಮುಗಿಯಿತು.

ಅಪಾರ್ಟ್‌ಮೆಂಟಿನವರಿಗೆ ಬೇರೆ ಪಾಡು. 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್ಲುಗಳು 1, 6, 11 ಮೂರೇ. ಅಕ್ಕಪಕ್ಕದ ಇಪ್ಪತ್ತು ಮನೆಗಳು ಅವನ್ನೇ ಹಂಚಿಕೊಳ್ಳಬೇಕು, ಮೈಕ್ರೋವೇವ್ ಒಲೆಯ ಗದ್ದಲವೂ ಅಲ್ಲೇ. ಪಕ್ಕದ ಮನೆಯವರು ವೈ-ಫೈ ಕದಿಯುತ್ತಿದ್ದಾರೆ ಎಂಬ ಗುಮಾನಿ ಹುಟ್ಟುವುದು ಇಲ್ಲೇ. ಅವರು ಹೆಚ್ಚಾಗಿ ತಮ್ಮ ಪಾಡಿಗೆ ತಮ್ಮ ರೂಟರಿನಲ್ಲೇ ಇರುತ್ತಾರೆ, ಗಾಳಿ ಮಾತ್ರ ಒಂದೇ. 5 ಗಿಗಾಹರ್ಟ್ಸ್‌ಗೆ ಹೋದರೆ ಜಾಗ ವಿಶಾಲ, ಆದರೆ ಎರಡು ಗೋಡೆ ದಾಟುವಷ್ಟರಲ್ಲಿ ಸುಸ್ತು. 5 ಗಿಗಾಹರ್ಟ್ಸ್ ಹೆಸರೇ ಆಗಾಗ ಪಟ್ಟಿಯಿಂದ ಮಾಯವಾಗಿ ನಿಮಿಷದ ಮೇಲೆ ಮರಳುತ್ತಿದ್ದರೆ ಚಾನೆಲ್ ಸಂಖ್ಯೆ ನೋಡಿ. 52ರಿಂದ 144ರವರೆಗಿನವು ರಾಡಾರ್‌ಗಳೂ ಬಳಸುವ ಜಾಗ. ರಾಡಾರಿನ ಸುಳಿವು ಸಿಕ್ಕರೆ ರೂಟರ್ ಜಾಗ ಬಿಟ್ಟು ಏಳುತ್ತದೆ. 36ರಿಂದ 48ರೊಳಗೆ ಒಂದನ್ನು ಆರಿಸಿ ಕೂರಿಸಿದರೆ ಈ ಓಡಾಟ ನಿಲ್ಲುತ್ತದೆ.

“ಕಂಪ್ಲೇಂಟ್ ಕೊಟ್ರೆ ಏನೂ ಆಗಲ್ಲ”

‘ನೆಟ್ ಬರ್ತಿಲ್ಲ’ ಎಂದಷ್ಟೇ ಹೇಳಿದರೆ ಆಗುವುದಿಲ್ಲ, ನಿಜ. ಅತ್ತಲಿಂದ ‘ಸಾರ್, ಒಂದ್ಸಲ ಆಫ್ ಮಾಡಿ ಆನ್ ಮಾಡಿ’ ಎಂಬ ಉತ್ತರ ಸಿದ್ಧವಿರುತ್ತದೆ. ಬದಲಿಗೆ ‘ನಿನ್ನೆ ಸಂಜೆ ಗಾಳಿ ಶುರುವಾದಾಗಿನಿಂದ ಎಲ್‌ಒಎಸ್ ಕೆಂಪು ಬಂದು ಬಂದು ಹೋಗ್ತಿದೆ, ಆರ್‌ಎಕ್ಸ್ ಪವರ್ ಮೈನಸ್ 27 ತೋರಿಸ್ತಿದೆ’ ಎಂದು ಹೇಳಿ, ಕೆಂಪು ದೀಪದ ಫೋಟೋ ಕಳಿಸಿ, ದೂರಿನ ನಂಬರ್ ಬರೆದಿಟ್ಟುಕೊಳ್ಳಿ. ಲೈನ್‌ಮ್ಯಾನ್ ಬಂದಾಗ ಮೀಟರಿನ ಅಂಕಿಯನ್ನು ಎರಡು ಕಡೆ ತೋರಿಸಲು ಕೇಳಿ: ಹೊರಗಿನಿಂದ ಬಂದ ಕೇಬಲ್ ಗೋಡೆಯ ಪೆಟ್ಟಿಗೆಗೆ ಸೇರುವಲ್ಲಿ ಒಂದು, ಅಲ್ಲಿಂದ ರೂಟರಿಗೆ ಹೋಗುವ ಹಳದಿ ಪ್ಯಾಚ್ ಕಾರ್ಡಿನ ತುದಿಯಲ್ಲಿ ಇನ್ನೊಂದು. ಮೊದಲನೆಯದೇ ಕೆಟ್ಟಿದ್ದರೆ ಅವರು ಕಂಬ ಹತ್ತಬೇಕು. ಮೊದಲನೆಯದು ಮೈನಸ್ 20 ಇದ್ದು ಎರಡನೆಯದು ಮೈನಸ್ 26 ಇದ್ದರೆ ಬದಲಿಸಬೇಕಾದ್ದು ಆ ಮಾರುದ್ದದ ಹಳದಿ ವೈರು, ರೂಟರ್ ಅಲ್ಲ.